ದರ್ವಾಜಾ ನಿಕಾಲೋ

ಟಕ್.

ಅಷ್ಟೇ, ಇಷ್ಟು ಚಿಕ್ಕ ಸದ್ದು. ಹೊಸ ಕಾರು ಮನೆಗೆ ಬಂದ ದಿನಗಳಲ್ಲಿ ನಮ್ಮ ಯಜಮಾನರು ಬಂದವರನ್ನೆಲ್ಲ ಘಾಟ್ಕೋಪರದ ನಮ್ಮ ಬಿಲ್ಡಿಂಗಿನ ಕಂಪೌಂಡಿನಲ್ಲಿ ನಿಲ್ಲಿಸಿಕೊಂಡು ಇದನ್ನು ಕೇಳಿಸುತ್ತಿದ್ದರು. ಎಂಜಿನ್ನಿನ ಸದ್ದಲ್ಲ, ಹಾರ್ನೂ ಅಲ್ಲ, ಬಾಗಿಲು ಹಾಕಿದ ಸದ್ದು. "ಕೇಳ್ರಿಲ್ಲೆ," ಎಂದು ಎರಡೇ ಬೆರಳಿನಿಂದ ಬಾಗಿಲನ್ನು ದೂಡುವರು. ಟಕ್. "ಹ್ಯಾಂಗದ? ಬ್ಯಾಂಕಿನ ಲಾಕರ್ ಹಾಕಿಧಾಂಗ!" ಮೇಲೆ ಹೋದರೆ ಅವಲಕ್ಕಿ, ಚಹಾ ಸಿಗುತ್ತದೆಂದು ಗೊತ್ತಿದ್ದ ಅತಿಥಿಗಳು ಪಾಪ ತಲೆದೂಗುವರು.

ಕಾರಿನ ವಿಷಯದಲ್ಲಿ ನಾನು ಶುದ್ಧ ಅಜ್ಞಾನಿ. ನನಗೆ ಗೊತ್ತಿರುವುದು ಅದರ ಬಣ್ಣ, ಮತ್ತೆ ಅದರೊಳಗೆ ಹೇಗೆ ಕೂರಬೇಕೆಂಬುದು. ಎರಡನೆಯದನ್ನು ಧಾರವಾಡದ ಕಾನ್ವೆಂಟಿನಲ್ಲಿ ಸಿಸ್ಟರ್ ನಮಗೆ ಬೆಂಚಿನ ಮೇಲೆ ಕೂರಿಸಿ ಕಲಿಸಿದ್ದರು. ಇಡೀ ಶಾಲೆಗೆ ಇದ್ದ ವಾಹನ ಜವಾನನ ಸೈಕಲ್ ಒಂದೇ. ಆದರೂ ನಾವು ಇಲ್ಲದ ಕಾರಿನ ಇಲ್ಲದ ಸೀಟಿನಲ್ಲಿ ಮೊದಲು ಕೂತು, ಆಮೇಲೆ ಮೊಣಕಾಲು ಜೋಡಿಸಿ ಒಳಗೆಳೆದುಕೊಳ್ಳುವುದನ್ನು ಪ್ರಾಕ್ಟೀಸ್ ಮಾಡಿದೆವು. "ಅಂಡ್ ರಿಮೆಂಬರ್, ಗರ್ಲ್ಸ್, ಎ ಲೇಡಿ ನೆವರ್ ಟಚಸ್ ದ ಡೋರ್. ಶೀ ವೇಟ್ಸ್." ನಾನು ವೇಟ್ ಮಾಡಿದೆ. ಇಪ್ಪತ್ತೈದು ವರ್ಷ ನಮ್ಮವರು ಬಾನೆಟ್ಟನ್ನು ಸುತ್ತಿ ಬಂದು, ಎಡಗಡೆಯ ಬಾಗಿಲು ತೆಗೆದು, ನನ್ನನ್ನು ಕೂರಿಸಿ, ತಾವೇ ಹಾಕಿ, ಮತ್ತೆ ಸುತ್ತಿ ಹೋಗಿ ಸ್ಟೀರಿಂಗ್ ಹಿಡಿದರು. ಮನೆಯೊಳಗೆ ತಾನು ಕುಡಿದ ನೀರಿನ ಲೋಟವನ್ನೂ ಎತ್ತಿಡದ ಮನುಷ್ಯ! "ನಿಮ್ಮವರು ಎಂಥ ಜಂಟಲ್‌ಮನ್," ಎಂದು ಲೇಡೀಸ್ ಗ್ರೂಪಿನವರು ಹೊಟ್ಟೆ ಉರಿದುಕೊಂಡಾಗ ನಾನು ಮೆಲ್ಲಗೆ ನಕ್ಕು, "ಟ್ರೇನಿಂಗ್," ಎನ್ನುತ್ತಿದ್ದೆ.

ಅವರು ಹೋಗಿ ಮೂರು ವರ್ಷವಾಯಿತು. ಹೋದ ಕೆಲವೇ ತಿಂಗಳಲ್ಲಿ ನನ್ನ ಕಡೆಯ ಬಾಗಿಲು ಜೋತುಬಿತ್ತು. ಟಕ್ ಹೋಗಿ ಕರ್ರ್-ಢಬ್ ಬಂತು. ಒಂದು ಸಲ ಹಾಕಿದರೆ ಕೂರುವುದಿಲ್ಲ. ಮೂರು ಸಲ ಬಡಿದರೆ ಮೂರನೇ ಮಾಳಿಗೆಯ ಆಂಟಿ ಕಿಟಕಿಗೆ ಬರುತ್ತಾರೆ. ನಾನು ಅದನ್ನು ಸೆಂಟಿಮೆಂಟಲ್ ಆಗಿ ತೆಗೆದುಕೊಂಡೆ. ಯಜಮಾನ ಹೋದ ದುಃಖಕ್ಕೆ ಪಾಪ ಬಾಗಿಲೂ ಕುಗ್ಗಿದೆ ಎಂದುಕೊಂಡು ಒಂದೆರಡು ಸಲ ಕಣ್ಣೊರೆಸಿಕೊಂಡದ್ದೂ ಉಂಟು.

ಮಗಳು ನಂದಿನಿಗೆ ಇಂಥ ಕಾವ್ಯವೆಲ್ಲ ಆಗುವುದಿಲ್ಲ. ಈಗ ಕಾರು ಓಡಿಸುವವಳು ಅವಳು. "ಮಮ್ಮಿ, ಮುಂದಿನ ತಿಂಗಳು ಪಾಸಿಂಗ್ ಇದೆ. ಈ ಲಟಕ್ತಾ ದರ್ವಾಜಾ ತಗೊಂಡು ಹೋದ್ರೆ ಅವರು ಫೇಲೇ ಮಾಡೋದು. ಇಕ್ಬಾಲ್ ಭಾಯ್ ಕೈಲಿ ಆಗ್ಲಿಲ್ಲ ಅಂದ್ರೆ ಫಿನಿಶ್. ಸೀದಾ ಭಂಗಾರ್." ಹಳೆಯ ಗಾಡಿಗಳು ಐದು ವರ್ಷಕ್ಕೊಮ್ಮೆ ಬರೆಯಬೇಕಾದ ಪರೀಕ್ಷೆಗೆ ಇಲ್ಲಿ ಪಾಸಿಂಗ್ ಎನ್ನುತ್ತಾರೆ. ಭಂಗಾರ್ ಎಂದರೆ ಗುಜರಿ. ನಮ್ಮವರು ಪ್ರತಿ ಭಾನುವಾರ ಬನಿಯನ್ನಿನಲ್ಲಿ ನಿಂತು ಒರೆಸುತ್ತಿದ್ದ ಕಾರು, ಗುಜರಿಗೆ! ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಬೆಳಿಗ್ಗೆ ನಂದಿನಿ ಕಾರನ್ನು ಕುರ್ಲಾದ ಇಕ್ಬಾಲ್ ಭಾಯ್ ಗ್ಯಾರೇಜಿನಲ್ಲಿ ಬಿಟ್ಟು ಆಫೀಸಿಗೆ ಹೋದಳು. ನಾನು ಸುಮ್ಮನಿರಬಾರದೇ? ಫೋನ್ ಮಾಡಿದೆ. ಮುಂಬಯಿಗೆ ಬಂದು ಅರ್ಧ ಶತಮಾನವಾದರೂ ನನ್ನ ಹಿಂದಿ ಇನ್ನೂ ದಾದರ್ ಸ್ಟೇಷನ್ನಿನಲ್ಲಿ ಟ್ರಂಕಿನ ಮೇಲೆ ಕೂತಿದೆ. ಕನ್ನಡದಲ್ಲಿ ಯೋಚಿಸಿ, ಒಂದೊಂದೇ ಶಬ್ದವನ್ನು ಕೈಹಿಡಿದು ದಾಟಿಸುತ್ತೇನೆ. ಬಾಗಿಲು ಪೂರ್ತಿ ತೆಗೆದು ಸರಿಯಾಗಿ ನೋಡಪ್ಪಾ ಎಂದು ಹೇಳಬೇಕಿತ್ತು. ಹೇಳಿದೆ: "ಇಕ್ಬಾಲ್ ಭಾಯ್, ಪೆಹಲೇ ದರ್ವಾಜಾ ನಿಕಾಲೋ. ನಿಕಾಲ್ ಕೇ ದೇಖೋ."

ಆ ಕಡೆಯಿಂದ ಅವನು ಕೇಳಿದ: "ಪೂರಾ, ಆಂಟಿ?"

"ಹಾಂ ಹಾಂ, ಪೂರಾ ನಿಕಾಲೋ!" ಅರ್ಧ ತೆಗೆದು ನೋಡಿದರೆ ಏನು ತಿಳಿದೀತು?

ಮರುದಿನ ನಾನೂ ನಂದಿನಿಯೂ ರಿಕ್ಷಾದಲ್ಲಿ ಕುರ್ಲಾಕ್ಕೆ ಹೋದೆವು. ನಮ್ಮ ಕಾರು ಹಲ್ಲು ಕಿತ್ತ ಬಾಯಿಯಂತೆ ನಿಂತಿತ್ತು. ನನ್ನ ಸೀಟು, ಅದರ ಮೇಲೆ ನಾನು ಹೊಲಿದ ಹೂವಿನ ಕವರು, ಎಲ್ಲ ಇಡೀ ಕುರ್ಲಾಕ್ಕೆ ಪ್ರದರ್ಶನ. ಬಾಗಿಲು ಮಾತ್ರ ಆಚೆ ಗೋಡೆಗೆ ಒರಗಿಕೊಂಡಿತ್ತು. "ಓ ಮೈ ಗಾಡ್," ಎಂದೆ ನಾನು, "ನಂದಿನಿ, ನನಗೆ ಹೇಳದೆಯೇ ಭಂಗಾರ್‌ಗೆ ಕೊಟ್ಟುಬಿಟ್ಟೆಯಾ?"

ಇಕ್ಬಾಲ್ ಭಾಯ್ ಕೈ ಒರೆಸಿಕೊಳ್ಳುತ್ತ ಬಂದ. "ಆಪ್ ಹೀ ತೋ ಬೋಲೀ, ಆಂಟಿ. ನಿಕಾಲೋ ಬೋಲೀ, ನಿಕಾಲಾ. ಮೈನೇ ಪೂಛಾ ಭೀ, ಪೂರಾ?"

ನಂದಿನಿ ಬಗ್ಗಿ ನಗತೊಡಗಿದಳು. "ಮಮ್ಮಿ, ಖೋಲೋ! ಖೋಲೋ ಅನ್ಬೇಕಿತ್ತು! ನಿಕಾಲೋ ಅಂದ್ರೆ ಕಿತ್ತು ಹಾಕು!"

ಇದು ಯಾವ ನ್ಯಾಯ ಹೇಳಿ. ಕನ್ನಡದಲ್ಲಿ ಹಲ್ಲು ತೆಗೆಯುತ್ತೇವೆ, ಫೋಟೋ ತೆಗೆಯುತ್ತೇವೆ, ಬಾಗಿಲೂ ತೆಗೆಯುತ್ತೇವೆ. ಮುಂಬಯಿಯ ಹಿಂದಿಯಲ್ಲಿ ಹಲ್ಲಿಗೂ ನಿಕಾಲೋ, ಫೋಟೋಗೂ ನಿಕಾಲೋ. ಬಾಗಿಲಿಗೆ ಬಂದ ಕೂಡಲೇ ನಿಯಮ ಬದಲಾಯಿಸಿದರೆ ವಯಸ್ಸಾದವರು ಏನು ಮಾಡಬೇಕು?

ಆದರೆ ಇಕ್ಬಾಲ್ ಭಾಯ್ ನಗುತ್ತಿರಲಿಲ್ಲ. "ಅಚ್ಛಾ ಹುವಾ ನಿಕಾಲಾ," ಎಂದು ನಮ್ಮನ್ನು ಹತ್ತಿರ ಕರೆದು, ಬಿಜಾಗರಿ ಕೂರುವ ಕಂಬದ ಮೇಲೆ ಟಾರ್ಚ್ ಬಿಟ್ಟ. ಕೂದಲೆಳೆಯಂಥ ಬಿರುಕು. ಬಾಗಿಲನ್ನು ಸುಮ್ಮನೆ ತೆರೆದು ನೋಡಿದ್ದರೆ ಬೋಲ್ಟ್ ಬಿಗಿ ಮಾಡಿ ಕಳಿಸಿಬಿಡುತ್ತಿದ್ದನಂತೆ. ಒಂದು ದಿನ ಫ್ಲೈಓವರ್ ಮೇಲೆ ಬಾಗಿಲು ಒಂದು ಕಡೆ, ನಾನು ಒಂದು ಕಡೆ. ನಂದಿನಿಯ ನಗು ನಿಂತಿತು. ನಾನು ಕತ್ತು ನೆಟ್ಟಗೆ ಮಾಡಿಕೊಂಡೆ. ನನ್ನ ಹಿಂದಿಯಿಂದ ಜೀವ ಉಳಿದ ಉದಾಹರಣೆ ಇದೊಂದೇ.

ಸ್ಟೂಲಿನ ಮೇಲೆ ಕೂತು ನಾನು ಎಲ್ಲವನ್ನೂ ನೋಡಿದೆ. ಬಿರುಕಿಗೆ ವೆಲ್ಡಿಂಗ್ ಆಯಿತು. ಬಿಜಾಗರಿಯ ಸವೆದು ಬಳುಕಿದ್ದ ಪಿನ್ನು, ಬುಶ್ಶು ಹೋಗಿ ಹೊಸವು ಬಂದವು. ಜ್ಯಾಕಿನ ಮೇಲೆ ಹಲಗೆ, ಹಲಗೆಯ ಮೇಲೆ ಗೋಣಿ, ಗೋಣಿಯ ಮೇಲೆ ಬಾಗಿಲನ್ನಿಟ್ಟು ಕೂಸನ್ನು ಎತ್ತುವ ಹಾಗೆ ಮೆಲ್ಲಗೆ ಎತ್ತಿದ. ಬೋಲ್ಟ್ ಬಿಗಿದು, ಎರಡು ಬೆರಳಿನಿಂದ ದೂಡಿದ.

ಟಕ್.

ನನಗೆ ಎಷ್ಟು ಹಗುರವಾಯಿತೆಂದರೆ ಅವನಿಗೂ ಅವಲಕ್ಕಿ ಮಾಡಿಕೊಡಬೇಕೆನ್ನಿಸಿತು. ಅಷ್ಟರಲ್ಲಿ ಅವನು ಕೇಳಿದ: "ಇಸ್ ಪೇ ಲಟಕ್ತಾ ಕೌನ್ ಹೈ?" ಈ ಬಾಗಿಲಿಗೆ ಜೋತುಬೀಳುವವರು ಯಾರಂತೆ!

ನಾನು ನಂದಿನಿಯನ್ನು ನೋಡಿದೆ. ನಂದಿನಿ ನನ್ನನ್ನೇ ನೋಡುತ್ತಿದ್ದಳು. ಕಾರಿನೊಳಗೆ ಕೂರುವುದನ್ನು ಸಿಸ್ಟರ್ ಕಲಿಸಿದ್ದರು ನಿಜ. ಅರವತ್ತು ದಾಟಿದ ಮೊಣಕಾಲಿನೊಂದಿಗೆ ಏಳುವುದು ಸಿಲೆಬಸ್ಸಿನಲ್ಲಿ ಇರಲಿಲ್ಲ. ಹತ್ತು ಹನ್ನೆರಡು ವರ್ಷಗಳಿಂದ ನಾನು ಬಾಗಿಲಿನ ಮೇಲಂಚನ್ನು ಎರಡೂ ಕೈಯಲ್ಲಿ ಹಿಡಿದು, ಜೋತುಬಿದ್ದು, ಶ್ರೀಹರಿ ಎಂದೇ ಏಳುವುದು.

"ಸಾಬ್ ಕೋ ಮಾಲೂಮ್ ಥಾ," ಎಂದ ಇಕ್ಬಾಲ್ ಭಾಯ್. ಬಾಗಿಲಿನ ಕೆಳಗಿನ ಅಂಚನ್ನು ತೋರಿಸಿದ. ನಾಲ್ಕು ಬೆರಳಿನ ಅಗಲ ಬಣ್ಣ ಸವೆದು ತಗಡು ಹೊಳೆಯುತ್ತಿತ್ತು. ಬಾಗಿಲು ಜೋತುಬಿದ್ದು ವರ್ಷಗಳೇ ಆಗಿದ್ದವಂತೆ. ಮೇಮ್‌ಸಾಬ್‌ಗೆ ಜೋತಾಡಬೇಡಿ ಎಂದು ಹೇಳಿ ಎಂದು ಇವನು ಹೇಳಿದ್ದನಂತೆ. ಅದಕ್ಕೆ ನಮ್ಮವರು, "ಉನ್ ಕೋ ಮತ್ ಬೋಲೋ. ಘುಟ್ನಾ ದುಖತಾ ಹೈ. ಮೈ ಉಠಾ ಕೇ ಬಂದ್ ಕರೂಂಗಾ," ಎಂದರಂತೆ. ಅವಳಿಗೆ ಮೊಣಕಾಲು ನೋವು, ಬಾಗಿಲನ್ನು ನಾನೇ ಕೆಳಗಿನಿಂದ ಎತ್ತಿ ಹಾಕುತ್ತೇನೆ ಎಂದು. ಹೊಸ ಬಿಜಾಗರಿ ಹಾಕಿದರೂ ಅವಳು ಮತ್ತೆ ಇಳಿಸುತ್ತಾಳೆ ಎಂದು ನಕ್ಕಿದ್ದರಂತೆ.

ಇಪ್ಪತ್ತೈದು ವರ್ಷದ ನನ್ನ ಜಂಟಲ್‌ಮನ್! ಅದರಲ್ಲಿ ಕೊನೆಯ ಆರೇಳು ವರ್ಷವಾದರೂ ಶುದ್ಧ ರಿಪೇರಿ ಕೆಲಸ.

ಪಾಸಿಂಗ್ ಸುಸೂತ್ರವಾಗಿ ಆಯಿತು. ಭಂಗಾರ್ ಎಂಬ ಶಬ್ದವನ್ನು ನಂದಿನಿ ಐದು ವರ್ಷ ಎತ್ತುವಂತಿಲ್ಲ. ನಾನೀಗ ಇಳಿಯುವಾಗ ಕೋಲು ಊರುತ್ತೇನೆ. ಆದರೆ ಪ್ರತಿ ಸಲ ಟಕ್ ಎಂದಾಗ ಪರೇಲಿನ ಆಸ್ಪತ್ರೆಯ ಪೋರ್ಚು ನೆನಪಾಗುತ್ತದೆ. ಮರುದಿನ ಬೆಳಿಗ್ಗೆ ಅವರಿಗೆ ಆಪರೇಷನ್. ಸಣ್ಣದು ಎಂದಿದ್ದರು, ಅದರಿಂದ ಅವರು ಏಳಲಿಲ್ಲ. ಹಿಂದಿನ ಸಂಜೆ ನರ್ಸ್ ಬೈದರೂ ಕೇಳದೆ, ಆಸ್ಪತ್ರೆಯ ನೀಲಿ ಅಂಗಿಯಲ್ಲೇ ನಮ್ಮನ್ನು ಬೀಳ್ಕೊಡಲು ಕೆಳಗೆ ಬಂದರು. ನಾನು ಕೂತು, ಮೊಣಕಾಲು ಒಳಗೆಳೆದುಕೊಂಡು, ವೇಟ್ ಮಾಡಿದೆ. ಅವರು ಬಗ್ಗಿದರು, ಬಾಗಿಲು ಹಾಕಿದರು. ಟಕ್. "ನೀ ಕೈ ಹಚ್ಚಬ್ಯಾಡ. ಮನಿಗೆ ಹೋದಮ್ಯಾಲೆ ನಂದಿನಿ ತಗೀತಾಳ," ಎಂದರು. "ಥ್ಯಾಂಕ್ ಯೂ, ಡಿಯರ್," ಎಂದು ನಾನು ರಾಣಿಯಂತೆ ಕೈಬೀಸಿದೆ. ಕಾರು ಗೇಟಿನ ಹತ್ತಿರ ತಿರುಗುವಾಗ ಹಿಂತಿರುಗಿ ನೋಡಿದೆ. ಒಂದು ಕೈಯನ್ನು ಸೊಂಟದ ಮೇಲಿಟ್ಟುಕೊಂಡು, ಸ್ವಲ್ಪ ವಾರೆಯಾಗಿ ನಿಂತಿದ್ದರು. ಈ ವಯಸ್ಸಿನಲ್ಲೂ ಎಂಥ ಪೋಸು, ಅಂದುಕೊಂಡೆ.