ಪಟ್ಟಿಯ ಮೊದಲ ಹೆಸರು

ಯಜ್ಞೇಶ್ವರರ ಹೆಸರು ಪಟ್ಟಿಯ ಕೊನೆಗಿತ್ತು. ಅಷ್ಟೇ ಆದದ್ದು. ಅದೊಂದು ಮೊದಲೇ ಮೇಲಿದ್ದಿದ್ದರೆ ಆ ಶುಕ್ರವಾರ ರಂಜನ್ ತನ್ನ ಪಾಡಿಗೆ ಸ್ನಾನ ಮಾಡಿ, ತನ್ನ ಪಾಡಿಗೆ ಪಾಸಾಗಿ, ತನ್ನ ಪಾಡಿಗೆ ಮನೆಗೆ ಬರುತ್ತಿದ್ದ.

ರಂಜನ್ ಡೊಂಬಿವಲಿಯ ಹುಡುಗ. ದಿನಾ ಲೋಕಲ್ ರೈಲಿನಲ್ಲಿ ಜಜ್ಜಿಸಿಕೊಂಡು ನೆರೂಳದ ಒಂದು ಕಾಲೇಜಿಗೆ ಹೋಗಿ ಸಾಫ್ಟ್‌ವೇರ್ ಎಂಜಿನಿಯರಿಂಗ್ ಓದುತ್ತಿದ್ದ. ಕೊನೆಯ ವರ್ಷದ ಪ್ರಾಜೆಕ್ಟಿನಲ್ಲಿ ಒಂದು ಸಲ ಫೇಲಾಗಿದ್ದ. ಹೊರಗಿನಿಂದ ಬಂದ ಪರೀಕ್ಷಕರು, ನೀನು ಮಾಡಿದ ಸಾಫ್ಟ್‌ವೇರನ್ನು ಯಾರಾದರೂ ಬಳಸುತ್ತಾರೇನಪ್ಪ ಎಂದು ಕೇಳಿದ್ದರು. ಇವನು ಇಲ್ಲ ಎಂದು ಸತ್ಯ ಹೇಳಿಬಿಟ್ಟಿದ್ದ. ಈಗ ಎರಡನೆಯ ಸಲ. ಐರೋಲಿಯ ಕಂಪನಿಯೊಂದು ಇವನು ಪಾಸಾಗುವುದನ್ನೇ ಕಾಯುತ್ತಿತ್ತು. ಅಪ್ಪ ಲೀಲಾಧರ ಇವನು ಫೇಲಾಗುವುದನ್ನು ಕಾಯುತ್ತಿದ್ದರು. ಸ್ಟೇಷನ್ ಪಕ್ಕದಲ್ಲಿದ್ದ ಅವರ ಹೋಟೆಲಿನ ಗಲ್ಲಾದಲ್ಲಿ ಕೂರಲು ನಂಬಿಕೆಯ ಜನ ಸಿಗುತ್ತಿರಲಿಲ್ಲ.

"ಈ ಸಲವೂ ಹೋಯ್ತು ಅಂದ್ರೆ ಸೀದಾ ಗಲ್ಲಾಕ್ಕೆ ಬಾ," ಎಂದಿದ್ದರು ಅಪ್ಪ. "ಅಲ್ಲಿ ಯಾರೂ ವೈವಾ ತೆಗೆಯುದಿಲ್ಲ."

ಅದಕ್ಕೇ ರಂಜನ್ ಈ ಸಲ ನಿಜವಾದ ಜನ ಬಳಸುವ ಸಾಫ್ಟ್‌ವೇರನ್ನೇ ಮಾಡಲು ಹೊರಟ. ಅವರಿದ್ದ ಕಟ್ಟಡದ ಸೊಸೈಟಿಯಲ್ಲಿ ನೀರು ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂಬುದು ದೇವರಿಗೂ ತಿಳಿಯುತ್ತಿರಲಿಲ್ಲ. ಶುಕ್ರವಾರವಂತೂ ನಲ್ಲಿಗೆ ಪೂರ್ತಿ ರಜೆ. ಆದ್ದರಿಂದ ನೀರು ಬಂದ ಕೂಡಲೇ ಕಂಪ್ಯೂಟರಿನ ಒಂದು ಗುಂಡಿ ಒತ್ತಿದರೆ ಎಲ್ಲ ಮನೆಗಳ ಮೊಬೈಲಿಗೆ ಒಂದೊಂದಾಗಿ ಮೆಸೇಜ್ ಹೋಗಬೇಕು. ಅಪ್ಪನ ಹಳೆಯ ಮೊಬೈಲನ್ನು ಕೇಬಲ್ಲಿನಿಂದ ಲ್ಯಾಪ್‌ಟಾಪಿಗೆ ಸಿಕ್ಕಿಸಿ ಅದನ್ನು ಮಾಡಿಯೂ ತೋರಿಸಿದ. ಒಳ್ಳೆಯ ಕೆಲಸವೇ. ಆದರೆ ಅದರಲ್ಲಿ ಜನರ ಹೆಸರುಗಳಿದ್ದವು, ಅಲ್ಲೇ ಕೆಟ್ಟಿತು.

ಆ ಕಟ್ಟಡದಲ್ಲಿ ಮುಕ್ಕಾಲು ಪಾಲು ನಮ್ಮ ಉಡುಪಿ, ಮಂಗಳೂರು ಕಡೆಯವರು. ನಮ್ಮವರಿಗೆ ಎಲ್ಲಿ ಹೆಸರು ಬಂದರೂ ಅದು ಆಮಂತ್ರಣ ಪತ್ರಿಕೆಯೇ. ಮೊದಲು ಯಾರದ್ದು, ಆಮೇಲೆ ಯಾರದ್ದು, ಯಾರ ಹೆಸರಿನ ಹಿಂದೆ ಶ್ರೀಮತಿ ಬಿಟ್ಟುಹೋಯಿತು ಎಂದು ಬೆರಳಿಟ್ಟು ನೋಡುತ್ತಾರೆ. ಸಂಘದ ವಾರ್ಷಿಕೋತ್ಸವದ ಪತ್ರಿಕೆಯಲ್ಲಿ ಹೆಸರು ಒಂದು ಸಾಲು ಕೆಳಗಿಳಿದದ್ದಕ್ಕೆ ಅಣ್ಣ ತಮ್ಮಂದಿರು ಮಾತು ಬಿಟ್ಟದ್ದುಂಟು. ರಂಜನ್ ಇಲ್ಲೇ ಹುಟ್ಟಿ ಬೆಳೆದವನು, ಪತ್ರಿಕೆ ಬಂದರೆ ತೆರೆಯದೆ ಫ್ರಿಜ್ಜಿನ ಮೇಲಿಡುವವನು. ಅವನು ಮನೆ ನಂಬರಿನ ಪ್ರಕಾರ ಹೆಸರು ಹಾಕಿದ್ದ.

ಸೊಸೈಟಿಯ ಸೆಕ್ರೆಟರಿ ಯಜ್ಞೇಶ್ವರರ ಮನೆ ಮೇಲಿನ ಮಾಳಿಗೆಯ ಕೊನೆಯದು. ಪಟ್ಟಿ ನೋಡಿದವರೇ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಸೆಕ್ರೆಟರಿಯ ಹೆಸರು ಕಟ್ಟಕಡೆಗೆ ಹಾಕಿದ್ದೀಯಲ್ಲ ಮಾರಾಯ. ನಾಳೆ ಗಣಪತಿ ಕೂರಿಸುವಾಗ ನನ್ನನ್ನು ಚಪ್ಪಲಿ ಕಾಯ್ಲಿಕ್ಕೆ ಕೂರಿಸ್ತೀಯಾ?"

ರಂಜನ್ ಮನೆ ನಂಬರಿನ ವಿಷಯ ವಿವರಿಸಿದ. ಅವರು ಕೇಳಿದರು, ತಲೆಯಾಡಿಸಿದರು, ಆದರೆ ಸೊಸೈಟಿ ಈ ಸಾಫ್ಟ್‌ವೇರ್ ಬಳಸುತ್ತದೆ ಎಂಬ ಸರ್ಟಿಫಿಕೇಟಿಗೆ ಮೊಹರು ಹಾಕಲಿಲ್ಲ. ಮೊಹರಿಲ್ಲದೆ ಕಾಲೇಜಿನಲ್ಲಿ ಒಳಗೇ ಬಿಡುವುದಿಲ್ಲ. ರಂಜನ್ ಹಲ್ಲು ಕಚ್ಚಿಕೊಂಡು, ಏನೇ ಆದರೂ ಯಜ್ಞೇಶ್ವರರೇ ಮೊದಲು ಎಂದು ಪ್ರೋಗ್ರಾಮಿನೊಳಗೆ ಕೈಯಿಂದ ಬರೆದ. ಮೊಹರು ಬಿತ್ತು. ಹೇಗೂ ತಿದ್ದುತ್ತಿದ್ದೇನಲ್ಲ ಎಂದು ಇನ್ನೂ ಒಂದು ಬುದ್ಧಿವಂತಿಕೆ ಮಾಡಿದ. ಪರೀಕ್ಷೆಯ ಹೊತ್ತಿನಲ್ಲಿ ಮೆಸೇಜ್ ಜನರಿಗೆ ಹೋಗದೆ ಎಲ್ಲವೂ ತನ್ನ ಮೊಬೈಲಿಗೇ ಬರುವಂತೆ ಒಂದು ಬೀಗ ಹಾಕಿದ. ಪ್ರೋಗ್ರಾಮಿನ ಹಳೆಯ ಪ್ರತಿ ಬೇರೆ ಇತ್ತು. ಅದರಲ್ಲಿ ಹೆಸರುಗಳು ಮನೆ ನಂಬರಿನ ಪ್ರಕಾರವೇ ಇದ್ದವು, ಬೀಗ ಇರಲಿಲ್ಲ. ಇದನ್ನು ನೀವು ನೆನಪಿಟ್ಟುಕೊಳ್ಳಿ, ಬೀಗದ ಮಾತನ್ನು ಅವನಂತೂ ಮರೆತ.

ಶುಕ್ರವಾರ ಬೆಳಿಗ್ಗೆ ಮನೆಯ ಡ್ರಮ್ಮಿನಲ್ಲಿ ಅಡುಗೆಗಾಗುವಷ್ಟೇ ನೀರಿತ್ತು. ಉಳಿದದ್ದನ್ನು ಹಿಂದಿನ ದಿನ ಯಜ್ಞೇಶ್ವರರ ಹೆಂಡತಿ ವನಮಾಲಾ, ಮನೆಗೆ ನೆಂಟರು ಬಂದಿದ್ದಾರೆ ಎಂದು ತುಂಬಿಸಿಕೊಂಡು ಹೋಗಿದ್ದರು. ರಂಜನ್‌ನ ತಾಯಿ ರತ್ನಾವತಿ, ಮೀಯದೆ ಪರೀಕ್ಷೆಗೆ ಹೋಗುವ ಮಗ ತನಗೆ ಬೇಡ ಎಂದು ಬಕೆಟ್ ಕೈಗಿತ್ತು ನೆಲಮಹಡಿಗೆ ಅಟ್ಟಿದರು. ಅಲ್ಲಿ ದಮಯಂತಿ ಆಂಟಿಯ ಮನೆ. ಬಾಗಿಲ ಮುಂದೆ ಆಳೆತ್ತರದ ಕಪ್ಪು ಡ್ರಮ್ಮು. ಮುಚ್ಚಳಕ್ಕೆ ಬೀಗ.

ದಮಯಂತಿ ಕೀಲಿ ಹಿಡಿದುಕೊಂಡೇ ನಿಂತಿದ್ದರು. ಹಿಂದಿನ ದಿನ ನೀರು ತುಂಬಿಸುವಾಗ ವನಮಾಲಾ ಅವರೆದುರು ಸುಮ್ಮನಿರದೆ, ಕಂಪ್ಯೂಟರಿನಲ್ಲಿ ನಮ್ಮವರದ್ದೇ ಮೊದಲ ಹೆಸರು ಎಂದು ಹೇಳಿಕೊಂಡಿದ್ದರಂತೆ.

"ಈ ಬಿಲ್ಡಿಂಗಿನಲ್ಲಿ ಮೊದಲು ಹಾಲು ಉಕ್ಕಿಸಿದ್ದು ಯಾರು? ನಾನು," ಎಂದರು ದಮಯಂತಿ. "ಆಗ ಈ ಯಜ್ಞೇಶ್ವರ ಟಿಟ್ವಾಳಾದಲ್ಲಿ ಬಾಡಿಗೆಗೆ ಇದ್ದ. ಮೊದಲ ಹೆಸರು ನನ್ನದು ಬರ್ಬೇಕು. ಹಾಕಿ ಬಂದು ತೋರಿಸು, ಎರಡು ಬಕೆಟ್ ತಗೊಂಡು ಹೋಗು."

"ಆಂಟಿ, ಆಜ್ ವೈವಾ ಹೈ. ಸಂಜೆ ಬದಲು ಮಾಡ್ತೀನಿ," ಎಂದ ರಂಜನ್.

"ಹಾಗಾದ್ರೆ ಸಂಜೆಯೇ ಮಿಂದುಕೋ."

ಅವನಿಗೆ ಮೈಯೆಲ್ಲ ಉರಿದುಹೋಯಿತು. ಖಾಲಿ ಬಕೆಟನ್ನು ಕುಕ್ಕಿಕೊಂಡು ಮೇಲೆ ಬಂದು, ಸ್ನಾನವೂ ಬೇಡ, ಪರೀಕ್ಷೆಯೂ ಬೇಡ ಎಂದ. ತಾಯಿ ದೇವರ ಮುಂದೆ ಎಣ್ಣೆ ಹಾಕುತ್ತಾ, "ಒಂದು ಹೆಸರು ಮೇಲೆ ಕೆಳಗೆ ಆದ್ರೆ ನಿನ್ನ ಕಂಪ್ಯೂಟರ್ ಒಡೆದು ಹೋಗ್ತದಾ ಮಗಾ?" ಎಂದು ಕೇಳಿದರು.

ಕೂತು ತಿದ್ದಲು ಪುರಸೊತ್ತಿರಲಿಲ್ಲ. ಆಗ ಹಳೆಯ ಪ್ರತಿ ನೆನಪಾಯಿತು. ಮನೆ ನಂಬರಿನ ಪ್ರಕಾರ ನೆಲಮಹಡಿಯ ದಮಯಂತಿಯೇ ಅದರಲ್ಲಿ ಮೊದಲು. ಹೊಸದನ್ನು ತೆಗೆದು ಹಳೆಯದನ್ನು ಹಾಕಿದ, ಲ್ಯಾಪ್‌ಟಾಪ್ ಹೊತ್ತು ಕೆಳಗೆ ಹೋಗಿ ತೋರಿಸಿದ. ದಮಯಂತಿ ತಮ್ಮ ಹೆಸರನ್ನು ಪರದೆಯ ಮೇಲೆ ಬೆರಳಿಟ್ಟು ಓದಿಕೊಂಡು ಬೀಗ ತೆಗೆದರು. ರಂಜನ್ ಮಿಂದ, ದೀಪಕ್ಕೆ ಕೈಮುಗಿದ, ಓಡಿದ. ಲೋಕಲ್ ಕೋಪರ್ ಸ್ಟೇಷನ್ ದಾಟುವುದರೊಳಗೆ ಆ ನೀರೆಲ್ಲ ಬೆವರಾಗಿ ಪಕ್ಕದವರ ಅಂಗಿಗೆ ಹೋಗಿತ್ತು. ಯಾರದ್ದೋ ಮೊಣಕೈ ಅವನ ಪಕ್ಕೆಯಲ್ಲಿ ಥಾಣೆ ಸ್ಟೇಷನ್ನಿನವರೆಗೂ ಇತ್ತು. ಅಲ್ಲಿ ಇಳಿದು ನೆರೂಳದ ಗಾಡಿ ಹಿಡಿಯುವ ಹೊತ್ತಿಗೆ ಅವನಿಗೆ ಇಡೀ ಡೊಂಬಿವಲಿಯ ಮೇಲೆ ಸಿಟ್ಟು ಬಂದಿತ್ತು.

ಪರೀಕ್ಷಕರ ಹೆಸರು ಹೃಷೀಕೇಶ. ಬೇರೆ ಕಾಲೇಜಿನ ಪ್ರೊಫೆಸರು, ಗಂಟುಮೋರೆ, ಎದೆ ಜೇಬಿನಲ್ಲಿ ಕೆಂಪು ಪೆನ್ನು. ಪಕ್ಕದಲ್ಲಿ ರಂಜನ್‌ನ ಪ್ರಾಜೆಕ್ಟ್ ಗೈಡ್ ಮಾನಸಿ ಮೇಡಂ ಕೂತಿದ್ದರು. ಸರ್ ಸರ್ಟಿಫಿಕೇಟನ್ನು ತಿರುಗಿಸಿ ಮುರುಗಿಸಿ ನೋಡಿ, ಮೊಹರು ಯಾರು ಬೇಕಾದರೂ ಹಾಕಿಸಿಕೊಳ್ಳುತ್ತಾರೆ, ಕೆಲಸ ಮಾಡಿ ತೋರಿಸು ಎಂದರು. ರಂಜನ್ ಅಪ್ಪನ ಮೊಬೈಲನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿದ. ಈಗ ಎಲ್ಲ ಮೆಸೇಜೂ ತನ್ನ ಮೊಬೈಲಿಗೆ ಬರುತ್ತವೆ ನೋಡಿ ಎಂದು ಅದನ್ನು ಮೇಜಿನ ಮೇಲಿಟ್ಟು ಗುಂಡಿ ಒತ್ತಿದ. ನೀರು ಬಂದಿದೆ, ತುಂಬಿಸಿಕೊಳ್ಳಿ ಎಂಬ ಮೆಸೇಜು ಒಂದೊಂದಾಗಿ ಹೊರಟಿತು. ಪರದೆಯ ಮೇಲೆ ಒಂದೊಂದು ಹೆಸರೂ ಹಸಿರಾಗುತ್ತಾ ಹೋಯಿತು.

ಅವನ ಮೊಬೈಲು ಸುಮ್ಮನೆ ಬಿದ್ದುಕೊಂಡಿತ್ತು. ರಂಜನ್ ಅದನ್ನೆತ್ತಿ ನೋಡಿದ, ಕೊಡವಿ ನೋಡಿದ. ಬೀಗ ಹಾಕಿದ್ದು ಹೊಸ ಪ್ರತಿಗೆ ಎಂಬುದು ಅವನಿಗೆ ನೆನಪಾಗುವುದಕ್ಕೂ ಮೆಸೇಜು ಕಳಿಸಿದ ಅಪ್ಪನ ಮೊಬೈಲು ರಿಂಗಾಗುವುದಕ್ಕೂ ಸರಿಹೋಯಿತು.

"ಸ್ಪೀಕರ್ ಹಾಕು," ಎಂದರು ಸರ್. "ಬಳಸುವವರು ಏನನ್ನುತ್ತಾರೆ ಕೇಳೋಣ."

ಮೊದಲು ತಾಯಿ. ಹೊಸ ನೀರು ಬಂತೆಂದು ಡ್ರಮ್ಮಿನಲ್ಲಿದ್ದ ಅಡುಗೆಯ ನೀರನ್ನೂ ಚೆಲ್ಲಿ ತೊಳೆದು ಕೂತಿದ್ದಾರೆ, ನಲ್ಲಿಯಲ್ಲಿ ಗಾಳಿ ಬಿಟ್ಟು ಬೇರೇನಿಲ್ಲ. ಆಮೇಲೆ ಎರಡನೇ ಮಾಳಿಗೆಯ ಗುಣಪಾಲರು. ರಾತ್ರಿಪಾಳಿ ಮುಗಿಸಿ ಬಂದವರು ಮೆಸೇಜ್ ನೋಡಿ ತಲೆಗೆ ಸಾಬೂನು ಹಾಕಿಕೊಂಡು ನಲ್ಲಿಯಡಿ ಕೂತುಬಿಟ್ಟಿದ್ದರು. "ಕಣ್ಣು ಉರೀತಾ ಉಂಟು ರಂಜನ್," ಎಂದಷ್ಟೇ ಹೇಳಿದರು, ಆದರೆ ಹೇಳಿದ ರೀತಿಗೆ ಮಾನಸಿ ಮೇಡಂ ಕುರ್ಚಿ ಹಿಂದೆ ಸರಿಸಿದರು. ಮತ್ತೊಬ್ಬರು ಆಫೀಸಿಗೆ ಹೊರಟವರು ದಿವಾ ಸ್ಟೇಷನ್ನಿನಲ್ಲಿ ಇಳಿದು ವಾಪಸು ಬರುತ್ತಿದ್ದರು. ರಂಜನ್ ಒಬ್ಬೊಬ್ಬರಿಗೂ, ಈಗ ಬರ್ತದೆ, ಸ್ವಲ್ಪ ಕಾಯಿರಿ ಎಂದು ಸುಳ್ಳು ಹೇಳುತ್ತಾ ಹೋದ. ಮೆಸೇಜು ತಪ್ಪಿ ಹೋಯಿತೆಂದರೆ ಅಲ್ಲೇ ಫೇಲು. ಕನ್ನಡ ತಿಳಿಯದ ಸರ್ ಇಷ್ಟು ಫೋನು ಬರುವುದನ್ನು ನೋಡಿ ಕೆಂಪು ಪೆನ್ನನ್ನು ಜೇಬಿಗಿಟ್ಟು, ಜನ ನಿಜವಾಗಿಯೂ ಬಳಸುತ್ತಿದ್ದಾರೆ, ಭೇಷ್ ಎಂದರು. ರಂಜನ್‌ಗೆ ಐರೋಲಿಯ ಏಸಿಯ ತಂಪು ಮೈಗೆ ತಾಗಿದಂತಾಯಿತು.

ಆಗ ಯಜ್ಞೇಶ್ವರರ ಫೋನು ಬಂತು. ಅವರಿಗೆ ನೀರಿನ ಚಿಂತೆಯೇ ಇರಲಿಲ್ಲ. ದಮಯಂತಿ ಮೆಸೇಜ್ ಬಂದ ಕೂಡಲೇ ಅವರು ಕೆಲಸ ಮಾಡುವ ಬ್ಯಾಂಕಿಗೆ ಫೋನು ಮಾಡಿ, ನನಗೆ ಮೊದಲು ಬಂತು, ನಿನಗೆ ಬಂತಾ ಎಂದು ಕೇಳಿದ್ದರು. ಆಗಿನ್ನೂ ಬಂದಿರಲಿಲ್ಲ.

"ನನ್ನ ಸರ್ಟಿಫಿಕೇಟ್ ವಾಪಸು ಕೊಡು," ಎಂದರು ಯಜ್ಞೇಶ್ವರ. "ಮೊಹರು ಹಾಕಿಸಿಕೊಳ್ಳುವಾಗ ಒಂದು ಹೆಸರು, ಹಾಕಿದ ಮೇಲೆ ಇನ್ನೊಂದು ಹೆಸರು. ಇದು ಎಂಜಿನಿಯರ್ ಮಾಡುವ ಕೆಲಸವಾ? ನಿನ್ನ ಮಾಸ್ತರು ಅಲ್ಲೇ ಇದ್ದರೆ ಕೊಡು, ನಾನೇ ಮಾತಾಡ್ತೇನೆ."

ರಂಜನ್ ಫೋನು ಕಟ್ ಮಾಡುವ ಮೊದಲೇ ಹೃಷೀಕೇಶ ಸರ್ ಅದನ್ನೆತ್ತಿಕೊಂಡರು. ಯಜ್ಞೇಶ್ವರ ಹಿಂದಿ ಭಾಷೆಗೆ ತಿರುಗಿ ಎಲ್ಲವನ್ನೂ ಒಪ್ಪಿಸಿದರು. ಮೊದಲು ತನ್ನ ಹೆಸರನ್ನು ಹೇಗೆ ಮೇಲಿಟ್ಟ, ಆಮೇಲೆ ಹೇಗೆ ಕೆಳಗಿಳಿಸಿದ, ಈವತ್ತು ಶುಕ್ರವಾರ, ಡೊಂಬಿವಲಿಯಲ್ಲಿ ನೀರೇ ಇಲ್ಲ ಎಂಬುದರವರೆಗೆ ಏನನ್ನೂ ಬಿಡಲಿಲ್ಲ.

ಸರ್ ಫೋನಿಟ್ಟರು. ಕೆಂಪು ಪೆನ್ನು ಜೇಬಿನಿಂದ ಹೊರಬಂತು. ಸಾಫ್ಟ್‌ವೇರ್ ನಡೆಯುವುದು ನಿಯಮದಿಂದ, ಯಾರದ್ದೋ ದೊಡ್ಡಸ್ತಿಕೆಯಿಂದಲ್ಲ ಎಂದು ಶುರುಮಾಡಿದರು. ಒಬ್ಬನ ಹೆಸರನ್ನು ಪ್ರೋಗ್ರಾಮಿನೊಳಗೆ ಕೈಯಿಂದ ಬರೆದು ಮೇಲೆ ಕೂರಿಸುವವನು ನಾಳೆ ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ ಏನು ಮಾಡಿಯಾನು ಎಂದರು. ಇಂಥವರನ್ನು ಪಾಸು ಮಾಡುವುದು ಪಾಪ ಎಂದೂ ಹೇಳಿದರು.

ರಂಜನ್‌ನ ಪಿತ್ತ ನೆತ್ತಿಗೇರಿತು. ಬೆಳಗಿನಿಂದ ನುಂಗಿಕೊಂಡದ್ದೆಲ್ಲ ಒಟ್ಟಿಗೆ ಹೊರಗೆ ಬಂತು.

"ಸರ್, ಗ್ರಾಹಕರ ಮಾತು ಕೇಳಬೇಕು ಅಂತ ಕಲಿಸಿದ್ದು ನಿಮ್ಮಂಥವರೇ," ಎಂದು ಹಿಂದಿಯಲ್ಲೇ ಹೇಳಿದ. "ನಾನು ಕೇಳಿದೆ. ಒಬ್ಬರ ಮಾತು ಕೇಳದಿದ್ದರೆ ಮೊಹರಿಲ್ಲ, ಇನ್ನೊಬ್ಬರ ಮಾತು ಕೇಳದಿದ್ದರೆ ಸ್ನಾನವಿಲ್ಲ. ಹೋದ ಸಲ ಯಾರೂ ಬಳಸುವುದಿಲ್ಲ ಅಂತ ಫೇಲು, ಈ ಸಲ ಎಲ್ಲರೂ ಬಳಸುತ್ತಾರೆ ಅಂತ ಫೇಲು. ನಾಲ್ಕು ವರ್ಷ ಓದಿದ್ದು ಈ ಮುದುಕರ ಹೆಸರು ಹತ್ತಿಸಿ ಇಳಿಸಲಿಕ್ಕಾ? ಹಾಕಿ ಸರ್ ಫೇಲು. ಗಲ್ಲಾದಲ್ಲಿ ಕೂತು ಜನರಿಗೆ ಚಿಲ್ಲರೆ ಕೊಡ್ತೇನೆ. ಅಲ್ಲಿ ಮೊದಲು ಬಂದವರಿಗೆ ಮೊದಲು ಇಡ್ಲಿ."

ಮಾನಸಿ ಮೇಡಂ ಮುಂದಿನ ಹುಡುಗರನ್ನು ಕರೆಯುವ ನೆಪ ಹೇಳಿ ಎದ್ದು ಹೋದರು. ರಂಜನ್ ವಯರು ಸುತ್ತತೊಡಗಿದ. ಅದು ಸುತ್ತಿದಷ್ಟೂ ಬಿಚ್ಚಿಕೊಳ್ಳುತ್ತಿತ್ತು.

ಹೃಷೀಕೇಶ ಸರ್ ಬಾಗಿಲ ಕಡೆ ನೋಡಿ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

"ಬೇಟಾ, ಮೆಸೇಜ್ ಮಾತ್ರ ಎಲ್ಲರಿಗೂ ಹೋಯಿತಲ್ಲ," ಎಂದರು. ದನಿ ಬೇರೆಯೇ ಆಗಿತ್ತು. "ಇಲ್ಲೇ ನೆರೂಳದಲ್ಲಿ ನಮ್ಮ ಸೊಸೈಟಿಯಲ್ಲೂ ನೀರಿನದ್ದೇ ತಲೆನೋವು. ನಾನೇ ಅಲ್ಲಿ ಸೆಕ್ರೆಟರಿ. ಭಾನುವಾರ ಬಂದು ಇದನ್ನು ಹಾಕಿಕೊಡು. ಸರಿಯಾಗಿ ನಡೆದರೆ ಸೋಮವಾರ ನಿನ್ನ ಮಾರ್ಕು ಬರೆಯುತ್ತೇನೆ."

ರಂಜನ್ ವಯರು ಕೈಬಿಟ್ಟ. ಗಲ್ಲಾ ದೂರ ಹೋಯಿತು, ಐರೋಲಿ ಮತ್ತೆ ಹತ್ತಿರ ಬಂತು. ಬರುತ್ತೇನೆ, ಬೆಳಿಗ್ಗೆಯೇ ಬರುತ್ತೇನೆ, ನಿಯಮದ ಪ್ರಕಾರವೇ ಮಾಡುತ್ತೇನೆ, ಮನೆ ನಂಬರು ಬಿಟ್ಟು ಒಂದಕ್ಷರ ಆಚೀಚೆ ಮಾಡುವುದಿಲ್ಲ ಎಂದು ಒಂದೇ ಉಸಿರಿಗೆ ಹೇಳಿದ.

ಸರ್ ಕೆಂಪು ಪೆನ್ನಿನ ಟೊಪ್ಪಿಗೆಯನ್ನು ತೆಗೆದರು, ಹಾಕಿದರು.

"ನಿಯಮ ಸರಿ. ಆದರೆ ನಮ್ಮ ಫ್ಲ್ಯಾಟು ಕೊನೆಯ ಮಾಳಿಗೆಯಲ್ಲಿದೆ. ಮನೆ ನಂಬರಿನ ಪ್ರಕಾರ ಹಾಕಿದರೆ ನಾನು ಎಲ್ಲಿ ಬರುತ್ತೇನೆ?"

"ಕೊನೆಗೆ ಸರ್."

"ಅದನ್ನೇ ಹೇಳುತ್ತಿದ್ದೇನೆ. ಅದೊಂದನ್ನು ನೋಡಿಕೋ." ಸರ್ ಎದ್ದು ಅಂಗಿ ಸರಿಮಾಡಿಕೊಂಡರು. "ಮತ್ತೆ, ನೆಲಮಹಡಿಯಲ್ಲಿ ಚಂದ್ರಬಾಯಿ ಅಂತ ಒಬ್ಬರಿದ್ದಾರೆ, ಹಳಬರು. ಅವರು ಬಂದು ಏನಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡ."

ರಂಜನ್ ಲ್ಯಾಪ್‌ಟಾಪನ್ನು ಚೀಲಕ್ಕೆ ತುಂಬಿದ. ಅಪ್ಪನ ಮೊಬೈಲು ಚೀಲದೊಳಗಿಂದ ಮತ್ತೆ ರಿಂಗಾಗತೊಡಗಿತು. ಅವನು ಅದನ್ನು ತೆಗೆಯಲಿಲ್ಲ.

"ಸರ್, ಅವರ ಬಾಗಿಲ ಮುಂದೆ ನೀರಿನ ಡ್ರಮ್ ಇದೆಯಾ?" ಎಂದು ಕೇಳಿದ.

"ಎರಡಿವೆ," ಎಂದರು ಹೃಷೀಕೇಶ ಸರ್. "ಯಾಕೆ?"