ಮುಚ್ಚೂ ಪಾಳಿಯ ಮಡಚೂ ಮಂದಿ

ಅರಿವಿ ಅಂಗಡ್ಯಾಗ ಕ್ಲೋಸಿಂಗ್ ಪಾಳಿ ಮಾಡೂ ಮಂದಿಗೆ ನಗಿ ಬರೂದು ಮನಿಗೆ ಹೋಗಿ ಕಾಲಿಗೆ ಬಿಸಿನೀರು ಹಾಕ್ಕೊಂಡ ಮ್ಯಾಲ. ಅಂಗಡ್ಯಾಗ ಇರೂತನಕ ಅಳುನ ಬರ್ತೈತಿ. ಎರಡೂ ಬರೂದು ಒಂದ ಸಂಗತಿಗೆ, ಮತ್ತ ಅಂಥಾ ಸಂಗತಿ ನಮ್ಮಲ್ಲಿ ಯಾವತ್ತೂ ಖಾಲಿ ಆಗಂಗಿಲ್ಲ.

ನಾನು ಬೆಟಗೇರಿಯಾಕಿ. ನಮ್ಮ ಅಪ್ಪ, ಅವ್ವ ಮಗ್ಗದ ಮಂದಿ. ಅವರು ಸೀರಿ ನೇದು ಮಡಚಿ ಕೊಡ್ತಿದ್ರು. ನಾನು ಗದಗಿನ ಒಂದು ದೊಡ್ಡ ಅಂಗಡ್ಯಾಗ ಮಂದಿ ಬಿಚ್ಚಿ ಒಗದ ಸೀರಿ ಮತ್ತ ಮಡಚ್ತೀನಿ. ಮನಿತನದ ಉದ್ಯೋಗ ಬಿಟ್ಟಿಲ್ಲ ಅಂತ ಹೇಳಾಕ ಬರ್ತೈತಿ.

ಕ್ಲೋಸಿಂಗ್ ಅಂದ್ರ ಬಾಗಲಾ ಹಾಕಿ ಹೋಗೂದು ಅಂತ ನಾನೂ ತಿಳಿದಿದ್ದೆ. ಅಲ್ಲ. ದಿನಪೂರ್ತಿ ಗಿರಾಕಿ ಬಿಚ್ಚಿ, ಎಳದು, ಮೈಮ್ಯಾಲ ಹಾಕ್ಕೊಂಡು, ಬ್ಯಾಡ ಅಂತ ಬಿಟ್ಟು ಹೋದ ಎಲ್ಲಾ ಅರಿವಿ ಮುಂಜಾನೆ ಇದ್ದಂಗ ಆಗಬೇಕು. ಕಸ ಹೊಡೀಬೇಕು, ಗೊಂಬಿಗೆ ಹೊಸಾ ಅರಿವಿ ತೊಡಸಬೇಕು, ಟ್ರಯಲ್ ರೂಮ್ ಖಾಲಿ ಮಾಡಬೇಕು. ಇದಕ್ಕೆಲ್ಲಾ ಹುಬ್ಬಳ್ಳಿ ಆಫೀಸಿನವರು ಕೊಟ್ಟ ಟೈಮ್ ಒಂದು ತಾಸು. ನಾ ಸೇರಿದಾಗ ನಮ್ಮ ಮಹಡ್ಯಾಗ ನಾಲ್ಕು ಮಂದಿ ಇದ್ವಿ. ಒಬ್ಬಾಕಿ ಮದುವಿ ಆಗಿ ಹೋದ್ಲು. ಆಕಿ ಜಾಗಾಕ್ಕ ಯಾರೂ ಬರಲಿಲ್ಲ, ಆಕಿ ಕೆಲಸ ಮಾತ್ರ ನಮ್ಮ ಕಡೆ ಬಂತು. ಉಳದಾವ್ರು ನಾನು, ದಿನಾ ಬಸ್ಸಿಗೆ ಬಂದು ಹೋಗೂ ಮುಂಡರಗಿ ಅಕ್ಕ, ಮತ್ತ ಅಂತೂರ ಬೆಂತೂರ ಹಳ್ಳಿಯ ಒಬ್ಬ ಅಣ್ಣ. ನಮ್ಮ ಮ್ಯಾಲ ಮ್ಯಾನೇಜರ್ ಸಾಹೇಬರು. ಕೆಟ್ಟ ಮನಷ್ಯಾ ಅಲ್ಲ, ಆದ್ರ ಫೋನ್ ಬಡದ್ರ ಕುಂತಲ್ಲೆ ಎದ್ದು ನಿಂದರ್ತಾರ.

ಮಡಚೂ ತರಬೇತಿ

ಒಂದು ತಾಸು ಸಾಲಂಗಿಲ್ಲ ಅಂತ ಮ್ಯಾನೇಜರ್ ಹೆಂಗೋ ಧೈರ್ಯಾ ಮಾಡಿ ಮ್ಯಾಲಿನವರಿಗೆ ತಿಳಿಸಿದ್ರು. ಮಂದಿ ಕಳಸ್ತಾರ ಅಂತ ನಾವು ಕಾದ್ವಿ. ಮಂದಿ ಬರಲಿಲ್ಲ, ತರಬೇತಿ ಕೊಡಾಕ ಹುಬ್ಬಳ್ಳಿ ಸಾಹೇಬರು ಬಂದ್ರು.

"ಒಂದು ಶರ್ಟ್ ಮಡಚಾಕ ಎಷ್ಟೊತ್ತು ಬೇಕು?" ಅಂತ ಕೇಳಿದ್ರು.

"ಗುಂಡಿ ಹಾಕಬೇಕ್ರಿ ಸರ್, ಕಾಲರ್ ನಿಂದರಸಬೇಕು, ಒಳಗ ರಟ್ಟು ಇಡಬೇಕು..." ಅಂತ ಮುಂಡರಗಿ ಅಕ್ಕ ಶುರು ಮಾಡಿದ್ಲು.

"ಮಾತು ಬ್ಯಾಡ, ನೋಡ್ರಿ" ಅಂದು ಸಾಹೇಬರು ಫೋನಿನ್ಯಾಗ ಗಡಿಯಾರ ಹಚ್ಚಿ, ತೋಳು ಏರಿಸಿದ್ರು. ಕೊರಳಾಗಿನ ಗುರುತಿನ ಕಾರ್ಡ್ ನಡುನಡುವ ಜೋತಾಡ್ತಿತ್ತು ಅಂತ ತಗದು ಟೇಬಲ್ ಮ್ಯಾಲ ಇಟ್ರು. ಖರೆ ಹೇಳ್ತೀನಿ, ಕೈ ಜಲ್ದಿ ಇತ್ತು. ಒಂದಾದ ಮ್ಯಾಲ ಒಂದು ಪಟಾಪಟ್ ಮಡಚಿದ್ರು. ನಾವು ಒಯ್ದು ಕಪಾಟಿನ್ಯಾಗ ಒಟ್ಟಿದ್ವಿ.

"ಇದನ್ನ ಗುಣಾಕಾರ ಮಾಡ್ರಿ. ತಾಸಿನೊಳಗ ಎಲ್ಲಾ ಮುಗದು ಚಾ ಕುಡ್ಯಾಕೂ ಟೈಮ್ ಉಳೀತೈತಿ."

"ನಡುವ ಗಿರಾಕಿ ಬಂದ್ರ ಸರ್?" ಅಂತ ಅಂತೂರ ಬೆಂತೂರಿನ ಅಣ್ಣ ಕೇಳಿದ.

"ಗಿರಾಕಿನ್ನೆಲ್ಲಾ ಲೆಕ್ಕದಾಗ ಹಿಡೀಬ್ಯಾಡ್ರಿ."

ಹೊಂಡೂ ಮುಂದ ಕಾರ್ಡ್ ಕಾಣಲಿಲ್ಲ. ಅದಿಲ್ಲದ ಅವರಿಗೆ ಅವರ ಆಫೀಸಿನ ಬಾಗಲಾ ತೆಗ್ಯಂಗಿಲ್ಲಂತ. ಟೇಬಲ್ ಕೆಳಗ ನೋಡಿದ್ವಿ, ಕಿಸೆದಾಗ ನೋಡಿದ್ರು. ಕಡೀಕ ಎಲ್ಲಾರಿಗೂ ಒಮ್ಮೆಲೆ ತಿಳೀತು, ಅದು ಯಾವುದೋ ಶರ್ಟಿನ್ಯಾಗ ಮಡಚಿ ಹೋಗೇತಿ ಅಂತ. ಅವರು ಮಡಚಿದ್ದು ಯಾವುದು, ನಾವು ಮೊದಲ ಮಡಚಿಟ್ಟದ್ದು ಯಾವುದು, ಒಂದೂ ಗುರುತು ಹತ್ತಲಿಲ್ಲ. ಹಿಂಗಾಗಿ ಕಪಾಟಿಗೆ ಕಪಾಟ ಕೆಳಗ ಇಳಿಸಿ ಒಂದೊಂದ ಬಿಚ್ಚಿದ್ವಿ. ಕಾರ್ಡ್ ಒಂದು ಬಿಳಿ ಶರ್ಟಿನ ಹೊಟ್ಟ್ಯಾಗ, ರಟ್ಟಿಗೆ ಅಂಟಿಕೊಂಡು ಕುಂತಿತ್ತು.

ಸಾಹೇಬರಿಗೆ ನಾಚಿಕಿ ಆಗಬಹುದು ಅಂತ ನಾವು ನೆಲಾ ನೋಡಾಕತ್ತಿದ್ವಿ. ಅವರು ಕಾರ್ಡ್ ಕೊರಳಿಗೆ ಹಾಕ್ಕೊಂಡು, "ನೋಡಿದ್ರಿಲ್ಲೊ, ಹೊರಗಿಂದ ಒಂಚೂರೂ ಕಾಣತಿದ್ದಿಲ್ಲ. ಮಡಚೂದು ಅಂದ್ರ ಹಿಂಗ ಮಡಚಬೇಕು" ಅಂದು ಹೋದ್ರು.

ಖಾತ್ರಿ

ಒಂದಿನ ರಾತ್ರಿ ಶಟರ್ ಅರ್ಧಾ ಇಳಿಸಿದ್ವಿ. ಕೆಳಗಿಂದ ಬಗ್ಗಿ ಒಬ್ಬ ಅಜ್ಜಿ ಒಳಗ ಬಂದ್ಲು, ಹಿಂದ ಇಬ್ಬರು ಸೊಸ್ತ್ಯಾರು, ಅವರ ಹಿಂದ ಕೈತುಂಬ ಚೀಲಾ ಹಿಡಕೊಂಡ ಮಗ. ಬೆಳ್ಳಟ್ಟಿಯವರು. ಶಟರ್ ಪೂರ್ತಿ ಬೀಳೂಕಿಂತ ಮೊದಲು ಒಳಗ ಬಂದವರನ್ನ ಹೊರಗ ಕಳಸೂಹಂಗಿಲ್ಲ ಅಂತ ನಮಗ ಕಾಯ್ದೆ ಐತಿ.

"ಮದುವಿ ಸೀರಿ ತೋರಸವಾ" ಅಂದ್ಲು ಅಜ್ಜಿ.

ಮದುವಿ ಅನ್ನೂದು ಕೇಳಿ ಮ್ಯಾನೇಜರ್ ಮಾರಿ ಅರಳಿತು. ಮುಂಡರಗಿ ಅಕ್ಕನ ಮಾರಿ ಬಾಡಿತು, ಯಾಕಂದ್ರ ಆಕಿ ಬಸ್ ಹೋಗೂ ಹೊತ್ತು ಅದು. ನಾ ಸೀರಿ ಹರವಿದೆ. ಅಜ್ಜಿ ಸೆರಗು ಹಿಡದು ನೋಡಿದ್ಲು, ಬೆಳಕಿಗೆ ಎತ್ತಿದ್ಲು, ಅಂಚಿನ ಎಳಿ ಉಗರಿನಿಂದ ಕೆರದಳು. ರೇಟ್ ಕೇಳಿದ್ಲು. ನಾ ಹೇಳಿದ್ದಕ್ಕ ದೊಡ್ಡ ಸೊಸಿ ಕಡೆ ತಿರುಗಿ ನೋಡಿದ್ಲು. ದೊಡ್ಡ ಸೊಸಿ ಗೋಣು ಹಾಕಿದ್ಲು. "ಇನ್ನೊಂದು ತಗೀವಾ."

ಹಿಂಗ ಇನ್ನೊಂದು, ಮತ್ತೊಂದು ಅನ್ನಕೋತ ಇಳಕಲ್ಲು, ರೇಷ್ಮಿ, ಕಾಟನ್ ಎಲ್ಲಾ ಕೆಳಗ ಬಂದ್ವು. ಹಾಸಿದ ಗಾದಿ ಕಾಣದಂಗ ಆತು. ಮ್ಯಾನೇಜರ್ ತಮ್ಮ ಖರ್ಚಿನ್ಯಾಗ ಚಾ ತರಿಸಿದ್ರು. ಮುಂಡರಗಿ ಅಕ್ಕ ಗಡಿಯಾರ ನೋಡೂದು ಬಿಟ್ಟು ಮನಿಗೆ ಫೋನ್ ಹಚ್ಚಿ, "ಇವತ್ತ ಬೆಟಗೇರ್ಯಾಗ ಮಕ್ಕೋತೀನಿ, ನೀವು ಉಂಡು ಬಿಡ್ರಿ" ಅಂದ್ಲು.

ಕಪಾಟಿನ್ಯಾಗ ಇನ್ನು ತೋರಸಾಕ ಏನೂ ಉಳೀದಂಗ ಆದ ಮ್ಯಾಲ ಕೇಳಿದೆ, "ಯಾವುದು ಪ್ಯಾಕ್ ಮಾಡ್ಲಿ ಅಜ್ಜಿ?"

"ಪ್ಯಾಕ್ ಯಾಕವಾ? ಸೀರಿ ನಿನ್ನೆನ ಲಕ್ಷ್ಮೇಶ್ವರದಾಗ ತಗೊಂಡೀವಿ. ಮೋಸ ಹೋಗೀವೇನೋ ಅಂತ ಮನಸ್ಸಿಗೆ ಹತ್ತಿಬಿಟ್ಟಿತ್ತು. ಬೀಗರ ಮನಿಗೆ ಗದಗಿಗೆ ಬಂದಿದ್ವಿ, ಖಾತ್ರಿ ಮಾಡ್ಕೊಂಡು ಹೋಗೂಣು ಅಂತ ಬಂದ್ವಿ."

ನಾ ಕೈಯಾಗಿನ ಸೀರಿ ಮಡಚಾಕ ಶುರು ಮಾಡಿದೆ. ಕಡೀಕ ಮ್ಯಾನೇಜರ್ ಸಣ್ಣ ದನಿಯಾಗ, "ಮೋಸ ಹೋಗೀರೇನ್ರಿ?" ಅಂತ ಕೇಳಿದ್ರು.

"ಇಲ್ಲಪಾ. ನಿಮ್ಮ ಕಡೇನ ತುಟ್ಟಿ ಐತಿ" ಅಂದು ಅಜ್ಜಿ ಸಮಾಧಾನದಿಂದ ಚಾ ಮುಗಿಸಿದ್ಲು.

ನೀಲಿ ಕುರ್ತಾ

ಮುಂಡರಗಿ ಅಕ್ಕಗ ನಿಂತಲ್ಲೆ ನಿದ್ದಿ ಮಾಡೂ ವಿದ್ಯಾ ಐತಿ. ಸಂಜಿ ಮುಂದ ಗೊಂಬಿ ಬಾಜೂಕಿನ ಕಂಬಕ್ಕ ಬೆನ್ನು ಹಚ್ಚಿ ನಿಂತು ಕಣ್ಣು ಮುಚ್ಚಿದ್ಲಂದ್ರ ಗೊಂಬಿ ಯಾವುದು, ಆಕಿ ಯಾವಾಕಿ ತಿಳಿಯಂಗಿಲ್ಲ.

ಸಿಂಗಟಾಲೂರಿನ ಅಜ್ಜ ಒಬ್ಬಾಂವ ಕಾಲೇಜಿಗೆ ಹೋಗೂ ಮೊಮ್ಮಗಳಿಗೆ ಅರಿವಿ ನೋಡಾಕ ಬಂದಿದ್ದ. ಗೊಂಬಿ ಮೈಮ್ಯಾಲಿಂದು ಒಂದೊಂದ ಮುಟ್ಟಿ ನೋಡ್ಕೋತ ಬಂದು ಅಕ್ಕನ ನೀಲಿ ಕುರ್ತಾದ ತೋಳಿನ ಅಂಚು ಹಿಡದು ತಿಕ್ಕಿ ನೋಡಿದ. ಅಕ್ಕ ಕಣ್ಣು ತಗದಳು. ಅಜ್ಜ ಎರಡು ಹೆಜ್ಜಿ ಹಿಂದ ಸರದು ಪ್ಯಾಂಟಿನ ಸಾಲಿನ್ಯಾಗ ಹೊಕ್ಕ.

ಸುಧಾರಿಸಿಕೊಂಡು ಹೊರಗ ಬಂದ ಮ್ಯಾಲ ನನ್ನ ಕೇಳಿದ, "ಈ ನೀಲಿ ಅರಿವಿ ಗಟ್ಟಿ ಐತಿ. ಇಂಥಾದ್ದು ಒಂದು ಕೊಡವಾ."

"ಅದು ನಮ್ಮ ಯೂನಿಫಾರ್ಮ್ ಐತ್ರಿ ಅಜ್ಜಾರ. ಮಾರಂಗಿಲ್ಲ."

"ಮತ್ತ ನಿಮಗ ಹೆಂಗ ಸಿಕ್ತು?"

"ಇಲ್ಲೆ ಕೆಲಸಕ್ಕ ಸೇರಿದ್ರ ಪುಕ್ಕಟ ಕೊಡ್ತಾರ್ರಿ."

ಅಜ್ಜ ಸುತ್ತಲೂ ನೋಡಿದ. ನನ್ನ ಮುಂದ ಎದಿಮಟ ಅರಿವಿ ರಾಶಿ ಇತ್ತು. ಅತ್ಲಾಗ ಅಂತೂರ ಬೆಂತೂರಿನ ಅಣ್ಣ ಒಂದು ಕೈಯಾಗ ಕಸಬರಗಿ, ಇನ್ನೊಂದು ಕೈಯಾಗ ಗೊಂಬಿ ತಲಿ ಹಿಡಕೊಂಡು, ಹೆಗಲಿನಿಂದ ಕಿವಿಗೆ ಫೋನ್ ಒತ್ತಿ "ಹೂನ್ರಿ ಸರ್, ಹೂನ್ರಿ ಸರ್" ಅನ್ನಾಕತ್ತಿದ್ದ. ಅಕ್ಕ ಮತ್ತ ಕಣ್ಣು ಮುಚ್ಚಿದ್ಲು.

"ಭಾಳ ತುಟ್ಟಿ ಆತು ಬಿಡವಾ" ಅಂದು ಅಜ್ಜ ಮೆಟ್ಟಲಾ ಇಳದ.

ನಗೂ ಫೋಟೊ

ದೀಪಾವಳಿ ಮುಂದ ಹುಬ್ಬಳ್ಳಿಯಿಂದ ಹೊಸ ಹುಕುಂ ಬಂತು. ದಿನಾ ಕ್ಲೋಸಿಂಗ್ ಮುಗದ ಮ್ಯಾಲ ಸ್ವಚ್ಛ ಮಹಡಿ ಮುಂದ ಎಲ್ಲಾರೂ ನಕ್ಕೋತ ನಿಂತು ಫೋಟೊ ಕಳಸಬೇಕು. ಹಬ್ಬದ ಗಿರಾಕಿ ಹೋದ ಮ್ಯಾಲ ನಮ್ಮ ಮಹಡಿ ಹೆಂಗಿತ್ತಂದ್ರ, ಕೆಳಗ ಬಿದ್ದ ಅರಿವಿ ದಾಟಿ ಬಾಗಲಾ ಮುಟ್ಟೂದ ಒಂದು ಕೆಲಸ ಆಗಿತ್ತು. ಅತ್ಲಾಗ ಫೋಟೊ ಎಲ್ಲಿ, ಫೋಟೊ ಎಲ್ಲಿ ಅಂತ ಫೋನ್ ಬಡಕೊಳ್ಳಾಕತ್ತಿತ್ತು.

ಮ್ಯಾನೇಜರ್ ಟ್ರಯಲ್ ರೂಮಿನ ಕಡೆ ನೋಡಿದ್ರು. ನಾವೂ ನೋಡಿದ್ವಿ. ಆಮ್ಯಾಲ ಯಾರೂ ಏನೂ ಹೇಳೂ ಜರೂರ ಬೀಳಲಿಲ್ಲ. ಎಲ್ಲಾ ಅರಿವಿ ಬಾಚಿ ಒಯ್ದು ಅದರಾಗ ತುರುಕಿ, ಬಾಗಲಾ ಹೆಗಲಿನಿಂದ ಒತ್ತಿ ಹಾಕಿದ್ವಿ. ಮಹಡಿ ಕನ್ನಡಿಯಂಗ ಆತು. ನಕ್ಕು ನಿಂತ್ವಿ. ಅಂತೂರ ಬೆಂತೂರಿನ ಅಣ್ಣಗ ನಗಿ ತಡಾ ಮಾಡಿ ಬಂತು, ಅದಕ್ಕ ಮತ್ತೊಂದು ಫೋಟೊ ತಗದ್ರು. ಅದರಾಗ ಆಂವಾ ಎಲ್ಲಾರಕಿಂತ ಹೆಚ್ಚು ನಕ್ಕಿದ್ದ. ಹುಬ್ಬಳ್ಳಿಯಿಂದ "ಶಭಾಷ್" ಅಂತ ಉತ್ತರಾ ಬಂತು. ಆ ಅಂಗಡ್ಯಾಗ ನಮಗ ಸಿಕ್ಕ ಮೊದಲ ಶಭಾಷ್ ಅದು.

ಮರುದಿನ ನಾವು ಮಹಡಿ ಹತ್ತಿ ಬರೂದರೊಳಗ ಶಿರಹಟ್ಟಿಯ ಮಾಸ್ತರು ಒಬ್ಬರು ಪ್ಯಾಂಟ್ ಹಾಕಿ ನೋಡಾಕ ಹೋಗಿ ಆ ಬಾಗಲಾ ತಗದಿದ್ರು. ನಾವು ಓಡಿ ಹೋಗೂದರಾಗ ಅವರ ಮೈಮ್ಯಾಲ ಬಿದ್ದ ರಾಶಿ ಹೊರಗ ಒಂದು ಕೈ ಅಷ್ಟ ಕಾಣತಿತ್ತು, ಕೈಯಾಗ ಪ್ಯಾಂಟ್ ಇತ್ತು. ಒಳಗಿಂದ ಭಾಳ ಮರ್ಯಾದೆಯಿಂದ ಕೇಳಿದ್ರು: "ರೂಮಿನ್ಯಾಗ ಯಾರರ ಇದ್ದೀರೇನ್ರಿ?"

ಮಾಸ್ತರನ್ನ ಎಬ್ಬಿಸಿ ಕುಂಡ್ರಿಸಿ ನೀರು ಕೊಟ್ವಿ. ಅವರು ದೂರು ಕೊಡಲಿಲ್ಲ. ಪೆಟ್ಟು ಬಿದ್ದದ್ದು ಮಧ್ಯಾಹ್ನ, ಹುಬ್ಬಳ್ಳಿಯಿಂದ. ಹಬ್ಬದಾಗೂ ಇಷ್ಟು ಸ್ವಚ್ಛ ಆಗ್ತೈತಿ ಅಂದ್ರ ಅಲ್ಲೆ ಮಂದಿ ಹೆಚ್ಚ ಅದಾರ, ಒಬ್ಬರನ್ನ ಲಕ್ಷ್ಮೇಶ್ವರದ ಅಂಗಡಿಗೆ ಕಳಸ್ರಿ ಅಂತ. ಕಳಸಿದ್ದು ಅಂತೂರ ಬೆಂತೂರಿನ ಅಣ್ಣನ್ನ. ಬುತ್ತಿ ಡಬ್ಬಿ ಚೀಲದಾಗ ಹಾಕ್ಕೋತ ಆಂವಾ ನನ್ನ ಕೇಳಿದ, "ನಾ ನಕ್ಕದ್ದು ಜಾಸ್ತಿ ಆತೇನು ತಂಗಿ?"



ಹೊಸಾಕಿ

ಹಿಂಗ ನಾಲ್ಕು ಮಂದಿ ಇದ್ದಾವ್ರು ಇಬ್ಬರಾದ್ವಿ. ಒಂದಿನ ಮುಂಡರಗಿ ಅಕ್ಕಗ ಜ್ವರ ಬಂತು, ಇಡೀ ಮಹಡಿಗೆ ನಾ ಒಬ್ಬಾಕಿ. ಬ್ಯಾರೆ ಯಾರನ್ನರ ಕಳಸ್ರಿ ಅಂತ ಮ್ಯಾನೇಜರ್ ಕೇಳಿದ್ದಕ್ಕ, ಕ್ಯಾಮೆರಾದಾಗ ನೋಡ್ತಿರ್ತೀವಿ, ಧೈರ್ಯಾ ಹೇಳ್ರಿ ಅಂತ ಹುಬ್ಬಳ್ಳಿಯಿಂದ ಉತ್ತರಾ ಬಂತು.

ಅವತ್ತ ಅವ್ವ ಓಣಿಯ ಇಬ್ಬರು ಹೆಣ್ಮಕ್ಕಳ ಜೋಡಿ ಗದಗಿನ್ಯಾಗ ಒಂದು ಸೀಮಂತಕ್ಕ ಬಂದಿದ್ಲು. ಹೋಗೂ ಮುಂದ ನನ್ನೂ ಕರಕೊಂಡು ಹೋಗೂಣು ಅಂತ ಅಂಗಡಿಗೆ ಬಂದ್ರು. ಗಿರಾಕಿ ಕುಂಡ್ರೂ ಗಾದಿ ಮ್ಯಾಲ ಮೂರೂ ಮಂದಿ ಕುಂತ್ರು. ಅವ್ವ ನನ್ನ ಮುಂದಿನ ಸೀರಿ ರಾಶಿ ನೋಡಿದ್ಲು.

"ಇಷ್ಟೂ ನೀನ ಮಡಚಬೇಕೇನು?"

"ಹೂಂ."

"ಮನ್ಯಾಗ ಒಂದು ಚಾದರ ಮಡಚು ಅಂದ್ರ ಆಗಂಗಿಲ್ಲ."

ಅಂದ್ಲೇ ಹೊರತು ಕೈ ಸುಮ್ಮನ ಕುಂಡ್ರಲಿಲ್ಲ. ಒಂದು ಸೀರಿ ಎಳಕೊಂಡ್ಲು. ಅದನ್ನ ನೋಡಿ ಓಣಿಯಾವ್ರೂ ಒಂದೊಂದು ಎಳಕೊಂಡ್ರು. ಸೀಮಂತದ ಊಟದಾಗ ಏನು ಕಡಿಮಿ ಇತ್ತು, ಬೀಗರು ಏನಂದ್ರು ಅಂತ ಮಾತಾಡ್ಕೋತ ಮಡಚಿದ್ರು. ನಾ ಕಪಾಟಿಗೆ ಒಟ್ಟಿದೆ. ನಾ ಸೇರಿದ ಮ್ಯಾಲ ಮೊದಲ ಸಲ ಮಹಡಿ ಟೈಮಿಗೆ ಮುಗ್ಯಾಕ ಬಂದಿತ್ತು. ಅಷ್ಟರಾಗ ಮ್ಯಾನೇಜರ್ ಫೋನ್ ಬಡೀತು, ಹುಬ್ಬಳ್ಳಿ ಸಾಹೇಬರು. ಮ್ಯಾನೇಜರ್ ಎದ್ದು ನಿಂತು ಸ್ಪೀಕರ್ ಹಚ್ಚಿದ್ರು.

"ಆ ಹೊಸ ಮಂದಿ ಯಾರು?"

ಮ್ಯಾನೇಜರ್ ನನ್ನ ನೋಡಿದ್ರು, ಕ್ಯಾಮೆರಾ ನೋಡಿದ್ರು. "ಟ್ರಯಲ್ ಮ್ಯಾಲ ಬಂದಾರ್ರಿ ಸರ್."

"ಚೊಲೋ ಮಾಡ್ತಾರ. ಆದ್ರ ಯೂನಿಫಾರ್ಮ್ ಇಲ್ಲ. ಮತ್ತ ಕುಂತು ಮಾಡಾಕತ್ತಾರ. ಪಾಳಿ ಮ್ಯಾಲ ಕುಂಡ್ರೂಹಂಗಿಲ್ಲ ಅಂತ ಹೇಳ್ರಿ."

ಮ್ಯಾನೇಜರ್ ಅವ್ವನ ಮುಂದ ಬಂದು ಕೈ ಕಟ್ಟಿ ನಿಂತ್ರು. "ತಪ್ಪು ತಿಳ್ಕೋಬ್ಯಾಡ್ರಿ ಅವ್ವಾರ. ನಿಂತು ಮಡಚಬೇಕಂತ್ರಿ."

ಅವ್ವ ಅವರ ಮಾರಿ ನೋಡಿದ್ಲು. ಎದ್ದಳು, ಅರ್ಧಾ ಮಡಚಿದ ಸೀರಿ ಅವರ ಕೈಯಾಗ ಇಟ್ಟಳು. "ನೀವು ನಿಂತ ಇದ್ದೀರಲ್ಲ, ಮಾಡ್ರಿ" ಅಂದು, ಓಣಿಯಾವ್ರನ್ನ ಎಬ್ಬಿಸ್ಕೊಂಡು, ಕೆಳಗ ಆಟೋದಾಗ ಕುಂತಿರ್ತೀನಿ ಅಂತ ನನಗ ಹೇಳಿ ಹೊಂಟಳು.

ಅವರು ಮೆಟ್ಟಲಾ ಇಳಿಯೂದರಾಗ ಮತ್ತ ಫೋನ್.

"ಆ ಹಿರೇ ಹೆಣ್ಮಗಳು ಎಲ್ಲಿ ಹೊಂಟ್ಲು?"

"ಮನಿಗ್ರಿ ಸರ್. ಬಿಟ್ಟು ಹೋದ್ರು."

"ಹಂಗೆಲ್ಲಾ ಬಿಡಾಕ ಬರಂಗಿಲ್ಲ. ಕೆಲಸ ಬಿಡೂದಿದ್ರ ಒಂದು ತಿಂಗಳ ಮೊದಲ ಹೇಳಬೇಕು. ಇಲ್ಲಂದ್ರ ಪಗಾರ ಹಿಡೀತೀವಿ ಅಂತ ತಿಳಸ್ರಿ."

ಉಳದ ಸೀರಿ ಮ್ಯಾನೇಜರೂ ನಾನೂ ನಿಂತ ಮಡಚಿದ್ವಿ. ಆಮ್ಯಾಲ ಆಟೋದಾಗ ಅವ್ವಗ ಆ ಫೋನಿನ ಮಾತು ಹೇಳಿದೆ. ಓಣಿಯಾವ್ರಿಬ್ಬರೂ ಹೊಟ್ಟಿ ಹಿಡಕೊಂಡು ನಕ್ರು. ಅವ್ವ ನಗಲಿಲ್ಲ. ನನ್ನ ಕೈ ತನ್ನ ಉಡ್ಯಾಗ ತಗೊಂಡು ಬೆರಳು ಒಂದೊಂದ ಒತ್ತಕೋತ ಬೆಟಗೇರಿ ಬರೂತನಕ ವಿಚಾರ ಮಾಡಿದ್ಲು.

ಮನಿ ಮುಂದ ಇಳಿಯೂವಾಗ ಅಂದ್ಲು, "ನನ್ನ ಪಗಾರ ಹಿಡಕೊಳ್ಳಲಿ ಬಿಡು. ನೀ ಮಾತ್ರ ನಾಳೆ ಹೋದಕೂಡಲೆ, ಒಂದು ತಿಂಗಳಿಗೆ ಬಿಡ್ತೀನಿ ಅಂತ ಹೇಳಿಬಿಡು."