ಜಗಳೂರಿಗೆ ಹೊರಡುವ ಮುನ್ನ ಒಂದು ಪುಲ್ಲಿ

ಬಾನೆಟ್ ಎತ್ತಿಟ್ಟು ನಿಂತ ಗಂಡಸಿಗೆ ನಮ್ಮ ಚನ್ನಗಿರಿಯಲ್ಲಿ ಮರ್ಯಾದೆ ಅನ್ನುವುದೇ ಇಲ್ಲ. ದಾರಿಯಲ್ಲಿ ಹೋಗುವವರೆಲ್ಲ ನಿಲ್ಲುತ್ತಾರೆ, ಇಣುಕುತ್ತಾರೆ, "ಬ್ಯಾಟರಿ ಇರಬೇಕು" ಅನ್ನುತ್ತಾರೆ. ಮನುಷ್ಯನಿಗೆ ಜ್ವರ ಬಂದರೂ ಬ್ಯಾಟರಿ ನೋಡು ಅನ್ನುವ ಜನ. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಆವತ್ತು ಕೆಟ್ಟಿದ್ದು ಬ್ಯಾಟರಿಯಲ್ಲ, ಎಂಜಿನ್ನಿನ ಬುಡದಲ್ಲಿ ಬೆಲ್ಟ್ ತಿರುಗಿಸುವ ಕ್ರ್ಯಾಂಕ್ ಪುಲ್ಲಿ. ಅದರೊಳಗಿನ ರಬ್ಬರ್ ಬಿಟ್ಟುಕೊಂಡು ನನ್ನ ಡೀಸೆಲ್ ಕಾರು ಹಿಟ್ಟಿನ ಗಿರಣಿಯಂತೆ ಬಡಿದುಕೊಳ್ಳುತ್ತಿತ್ತು. ಮರುದಿನ ಜಗಳೂರಿನಲ್ಲಿ ಹೆಂಡತಿಯ ಅಕ್ಕನ ಮಗಳ ನಿಶ್ಚಿತಾರ್ಥ. ಸ್ವಂತ ಕಾರಿನಲ್ಲೇ ಬರುತ್ತೇವೆಂದು ಬಂಧುಗಳಿಗೆಲ್ಲ ನಾನೇ ಫೋನ್ ಮಾಡಿ ಹೇಳಿದ್ದೆ. ಬಸ್ಸಿನಿಂದ ಇಳಿದರೆ ಹುಡುಗಿಯ ಅಪ್ಪ, ಅಂದರೆ ನನ್ನ ಷಡ್ಡಕರು, ಬದುಕಿರುವವರೆಗೂ ಆಡಿಕೊಳ್ಳುತ್ತಾರೆ. ಮೆಕ್ಯಾನಿಕ್ ಊರಲ್ಲಿರಲಿಲ್ಲ. ನಾನೇ ಬಿಚ್ಚುತ್ತೇನೆ ಅಂದೆ. ಹೆಂಡತಿ ನ್ಯಾಮತಿಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ತನ್ನ ತಮ್ಮ ಮಂಜನಿಗೆ ಫೋನ್ ಮಾಡಿದಳು.

ಮಂಜ ಮೊಬೈಲಿನಲ್ಲಿ ನೋಡಿದ್ದನ್ನೆಲ್ಲ ಕಲಿತೆ ಎಂದುಕೊಂಡವನು. ಹೊಸ ಪುಲ್ಲಿ, ಪಾನಾ, ಉದ್ದನೆಯ ಪೈಪು ಎಲ್ಲ ತಂದ. ಜಾಕ್ ಕೊಟ್ಟು ಚಕ್ರ ಬಿಚ್ಚಿ ನೆಲದ ಮೇಲೆ ಕೂತ.

"ಭಾವ, ನೀವು ಒಳಗೆ ಕುತ್ಕೊಂಡು ಟಾಪ್ ಗೇರ್ ಹಾಕಿ ಬ್ರೇಕ್ ತುಳೀರಿ. ಎಂಜಿನ್ ತಿರುಗಬಾರದು. ಆಗ ಬೋಲ್ಟ್ ಬಿಡ್ತೈತೆ."

ಕಾರು ನನ್ನದು, ನನಗೆ ಬ್ರೇಕ್ ತುಳಿಯುವ ಕೆಲಸ. ಹಲ್ಲು ಕಚ್ಚಿಕೊಂಡು ತುಳಿದೆ. ಬೋಲ್ಟ್ ಬಿಡಲಿಲ್ಲ; ಪುಲ್ಲಿಯೂ ಅದರ ಜೊತೆಗೇ ತಿರುಗಿತು. "ಗಟ್ಟಿ ತುಳೀರಿ ಭಾವ" ಅಂದ. ತುಳಿದೆ, ಮತ್ತೆ ತಿರುಗಿತು. "ನಿಂಗೆ ಪಾನಾ ಹಿಡಿಯಾಕೇ ಬರಲ್ಲ" ಎಂದು ರೇಗಿದೆ. ಎದುರುಮನೆಯ ಹಾಲಪ್ಪ ಮೇಷ್ಟ್ರು ಬಂದು, "ಬ್ಯಾಟರಿ ನೋಡಿದ್ರೇನಪ್ಪ?" ಅಂದರು. ನನಗೆ ಮಗ್ಗಿ ಕಲಿಸಿದವರು ಎಂಬುದನ್ನೂ ನೋಡದೆ ಅವರಿಗೂ ಬೈದೆ. ಕಾರು ಮಾಡಿದವರಿಗೆ, ರಬ್ಬರ್ ಮಾಡಿದವರಿಗೆ, ನಿಶ್ಚಿತಾರ್ಥಕ್ಕೆ ದಿನ ಗೊತ್ತು ಮಾಡಿದವರಿಗೆ, ಯಾರಿಗೂ ಬಾಕಿ ಉಳಿಸಲಿಲ್ಲ.

ಊಟಕ್ಕೆ ಕರೆಯಲು ಬಂದ ಹೆಂಡತಿಗೆ ಕಾರು ಓಡಿಸಲು ಬಾರದು. ಕಿಟಕಿಯಲ್ಲಿ ಬಗ್ಗಿ ನನ್ನ ಕಾಲು ನೋಡಿದಳು.

"ಬ್ರೇಕ್ ಒಂದೇ ಅಲ್ಲೇನ್ರೀ ಅವನು ಹೇಳಿದ್ದು? ಎಡಗಾಲಾಗೆ ಏನು ತುಳಿದೀರಿ?"

ಕ್ಲಚ್. ಬ್ರೇಕ್ ತುಳಿದಾಗಲೆಲ್ಲ ಅದನ್ನೂ ತುಳಿಯುವುದು ಕಾರು ಕಲಿತಾಗಿನಿಂದ ಬಂದ ಚಾಳಿ. ಕ್ಲಚ್ ತುಳಿದರೆ ಎಂಜಿನ್ನಿಗೂ ಚಕ್ರಕ್ಕೂ ಸಂಬಂಧವೇ ತಪ್ಪಿಹೋಗುತ್ತದೆ, ಬ್ರೇಕ್ ಎಷ್ಟು ತುಳಿದರೂ ದಂಡ. ಎಡಗಾಲು ತೆಗೆದೆ. ಮಂಜ ಪೈಪನ್ನು ಒತ್ತಿದ, ಬೋಲ್ಟ್ ಕಟಕ್ಕನೆ ಬಿಟ್ಟಿತು. ಅವನು ನಗಬೇಕಿತ್ತು, ನಗಲಿಲ್ಲ. ಅದಕ್ಕೂ ಸಿಟ್ಟು ಬಂತು. ಹೊಸ ಪುಲ್ಲಿ ಕೂರಿಸಿ ಬಿಗಿಯುವಾಗ ಬ್ರೇಕ್ ತುಳಿಯಲು ಹೆಂಡತಿಯೇ ಹತ್ತಿ ಕೂತಳು. ನನ್ನನ್ನು ಯಾರೂ ಕೇಳಲಿಲ್ಲ.

ಮರುದಿನ ಕಾರು ಒಂದು ಸದ್ದೂ ಇಲ್ಲದೆ ಜಗಳೂರು ಮುಟ್ಟಿತು. ಷಡ್ಡಕರು ಬಾಗಿಲಿಗೇ ಬಂದು, "ಮನ್ಯಾಗೇ ಪುಲ್ಲಿ ಬಿಚ್ಚಿ ಹಾಕಿದ್ರಂತೆ, ಯಾರು ಮಾಡಿದ್ದು?" ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ, "ಮಂಜ, ಮತ್ತೆ ನಾನು" ಅಂದಳು. ಆಮೇಲೆ ನನ್ನ ಮುಖ ನೋಡಿ, ಗಂಡನ ಮಾನ ಉಳಿಸಲೆಂದು, "ಇವರೂ ಇದ್ರು" ಎಂದು ಸೇರಿಸಿದಳು.

ಅಷ್ಟು ಜನರ ಮುಂದೆ ಸಿಟ್ಟು ಮಾಡಿಕೊಳ್ಳುವಂತೆಯೂ ಇರಲಿಲ್ಲ. "ಹೌದು, ಇದ್ದೆ" ಅಂದೆ.